ಬಾಣಂತನಕ್ಕೆ ಹೋಗುವಾಗ ಬೈನಾಕ್ಯುಲರ್ ಒಯ್ಯಬೇಕೇ?

ಪ್ರಶ್ನೆ: ನಾನು ತುಮಕೂರಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಹನ್ನೊಂದು ವರ್ಷದಿಂದ ಭಾನುವಾರ ಬೆಳಿಗ್ಗೆ ಮೈದಾಳ ಕೆರೆಗೆ ಹೋಗಿ ಹಕ್ಕಿ ಎಣಿಸಿ ಬರುವ ಅಭ್ಯಾಸ. ಈ ನವೆಂಬರ್‌ನಲ್ಲಿ ಮಗಳ ಎರಡನೇ ಬಾಣಂತನಕ್ಕೆ ನಾವಿಬ್ಬರೂ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಹೋಗುತ್ತಿದ್ದೇವೆ. ಏಪ್ರಿಲ್‌ವರೆಗೂ ಅಲ್ಲೇ ಇರುತ್ತೇವೆ. ಮನೆಗೆ ಹತ್ತಿರದಲ್ಲೇ ಕಡಲಿನ ಜೌಗು ಇದೆ, ಹಕ್ಕಿ ಬಹಳ ಬರುತ್ತವೆ ಅಂತ ಅಳಿಯಂದಿರು ಹೇಳಿದರು. ನನಗೆ ಗೊತ್ತಿರುವುದು ಕೆರೆ ಹಕ್ಕಿ ಮಾತ್ರ. ಕಾರು ಓಡಿಸಲು ಬರುವುದಿಲ್ಲ, ಮಂಡಿನೋವು ಬೇರೆ. ಬೈನಾಕ್ಯುಲರ್ ಒಯ್ಯಬೇಕೇ, ಅಲ್ಲೇ ಕೊಳ್ಳಬೇಕೇ? ಟೆಲಿಸ್ಕೋಪ್ ಬೇಕಾಗುತ್ತದಾ? ಅಲ್ಲಿನ ಹಕ್ಕಿಗಳನ್ನು ಗುರುತಿಸುವುದು ಹೇಗೆ? ಇಲ್ಲಿನ ಎಣಿಕೆ ಇಷ್ಟು ತಿಂಗಳು ನಿಂತುಹೋಗುತ್ತದಲ್ಲ ಎಂಬ ಬೇಸರವೂ ಇದೆ.

ಉತ್ತರ: ಮೇಷ್ಟ್ರೇ, ಬೈನಾಕ್ಯುಲರ್ ಒಯ್ಯಿರಿ. ಹನ್ನೊಂದು ವರ್ಷ ಕೈಗೂ ಕಣ್ಣಿಗೂ ಒಗ್ಗಿದ ವಸ್ತು ಇರುವಾಗ ಅಲ್ಲಿ ಹೋಗಿ ಹೊಸದಕ್ಕೆ ಡಾಲರ್ ಸುರಿಯುವುದು ಬೇಡ. ನಿಮ್ಮದು 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಗಾಜಿನದು) ಆಗಿದ್ದರೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲಿ ಇಟ್ಟುಕೊಳ್ಳಿ. ಚಟ್ನಿಪುಡಿ, ಹಪ್ಪಳ, ಬಾಣಂತಿ ಲೇಹ್ಯದ ಡಬ್ಬಿಗಳ ನಡುವೆ ಅದು ಹೊರಳಾಡಿದರೆ ಒಳಗಿನ ಗಾಜು ಅಲುಗಿ ಒಂದು ಹಕ್ಕಿ ಎರಡಾಗಿ ಕಾಣುತ್ತದೆ. ನನಗೆ ಆಗಿದೆ.

ನಾನೂ ನಿಮ್ಮಂತೆ ಕೆರೆ ಏರಿಯ ಮೇಲೆ ನಿಂತು ಹಕ್ಕಿ ಕಲಿತವನು. ಮಗನ ಮನೆ ನೆಪದಲ್ಲಿ ಫ್ರೀಮಾಂಟ್ ಪಕ್ಕದ ನ್ಯೂವಾರ್ಕ್‌ನಲ್ಲಿ ಮೂರು ಚಳಿಗಾಲ ಕಳೆದಿದ್ದೇನೆ. ಮೊದಲ ವಾರ ನಾನು ಪಟ್ಟ ಪಾಡನ್ನು ಹೇಳಿಬಿಡುತ್ತೇನೆ. ನೀವು ಕೇಳಲು ಬಿಟ್ಟ ಮುಖ್ಯ ಪ್ರಶ್ನೆ ಅದರಲ್ಲೇ ಇದೆ.

ನಮಗೆಲ್ಲ ಬೆಳಕು ಹರಿಯುವ ಹೊತ್ತಿಗೆ ಕೆರೆ ಸೇರಿಬಿಡುವ ಅಭ್ಯಾಸ ಅಲ್ವಾ? ಅದೇ ಅಭ್ಯಾಸದಲ್ಲಿ ಮಗನನ್ನು ಎಬ್ಬಿಸಿ, ಮಂಕಿ ಕ್ಯಾಪ್ ಹಾಕಿಕೊಂಡು, ಏಳೂಕಾಲಿಗೆ ಹೋಗಿ ನಿಂತೆ. ಎದುರಿಗೆ ಕೆಸರು. ಬರೀ ಕೆಸರು. ನೀರಿನ ಗೆರೆ ಎಲ್ಲೋ ಅರ್ಧ ಕಿಲೋಮೀಟರ್ ಆಚೆ. ಆ ಗೆರೆಯುದ್ದಕ್ಕೂ ಯಾರೋ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು. ಅವೇ ಹಕ್ಕಿಗಳು! ಸಾವಿರಗಟ್ಟಲೆ ಇದ್ದವು, ಒಂದನ್ನೂ ಗುರುತು ಹಿಡಿಯಲಾಗಲಿಲ್ಲ. ಮಾರನೇ ದಿನ ಅದೇ ಹೊತ್ತಿಗೆ ಹೋದೆ, ಅದೇ ಕಥೆ. ಮೂಗಿನಿಂದ ನೀರು ಸುರಿಸಿಕೊಂಡು ವಾಪಸ್ ಬಂದೆ.

ಮೂರನೇ ದಿನ ಬೆಳಿಗ್ಗೆ ಮಗನಿಗೆ ಮೀಟಿಂಗ್. ಊಟ ಆದ ಮೇಲೆ ಒಂದು ಗಂಟೆಗೆ ಬಿಟ್ಟು ಹೋದ. ಈ ಹೊತ್ತಿನಲ್ಲಿ ಏನು ಹಕ್ಕಿ ಅಂತ ಗೊಣಗುತ್ತಲೇ ಏರಿ ಹತ್ತಿದೆ. ನೋಡಿದರೆ ಕೆಸರು ಅರ್ಧ ಮುಚ್ಚಿದೆ. ನೀರು ಸದ್ದಿಲ್ಲದೆ ಏರುತ್ತಿದೆ, ಒಲೆ ಮೇಲಿನ ಹಾಲು ಉಕ್ಕುವ ಮುಂಚೆ ಮೆಲ್ಲಗೆ ಮೇಲೇಳುವ ಹಾಗೆ. ನೀರು ಮುಂದೆ ಬಂದಷ್ಟೂ ಹಕ್ಕಿಗಳು ಹೆಜ್ಜೆಹೆಜ್ಜೆಯಾಗಿ ಹಿಂದೆ ಸರಿಯುತ್ತಿವೆ. ಅಂದರೆ ನನ್ನ ಕಡೆಗೆ. ಒಂದು ಗಂಟೆಯೊಳಗೆ ಅವಕ್ಕೂ ನನಗೂ ಮಧ್ಯೆ ಹತ್ತಿಪ್ಪತ್ತು ಮಾರು. ಕಂದು ಮೈಯ ಉದ್ದ ಕೊಕ್ಕಿನ ಹಕ್ಕಿಯೊಂದು ಕೊಕ್ಕನ್ನು ಕಣ್ಣಿನವರೆಗೂ ಕೆಸರಿಗೆ ಇಳಿಸಿತು. ತಲೆ ಓರೆ ಮಾಡಿತು. ಏನನ್ನೋ ಹಿಡಿದು ಎಳೆಯಿತು. ಹುಳ ರಬ್ಬರ್ ಬ್ಯಾಂಡಿನಂತೆ ಹಿಗ್ಗಿ, ಹಿಗ್ಗಿ, ಕೊನೆಗೆ ಪಟ್ಟನೆ ಬಿಟ್ಟುಕೊಂಡಿತು. ಹಕ್ಕಿ ಅದನ್ನು ಪಕ್ಕದ ನೀರಿನಲ್ಲಿ ಜಾಲಾಡಿ ನುಂಗಿತು. ಅದು ಗಾಡ್ವಿಟ್. ಬೈನಾಕ್ಯುಲರ್ ಎದೆಯ ಮೇಲೆ ಸುಮ್ನೆ ನೇತಾಡುತ್ತಿತ್ತು, ಬೇಕೇ ಆಗಲಿಲ್ಲ.

ನೀವು ಕೇಳಬೇಕಿದ್ದ ಪ್ರಶ್ನೆ ಇದು: ಎಷ್ಟು ಹೊತ್ತಿಗೆ ಹೋಗಬೇಕು? ಕಡಲ ಜೌಗಿನಲ್ಲಿ ಹೊತ್ತು ಗೊತ್ತುಮಾಡುವುದು ಸೂರ್ಯ ಅಲ್ಲ, ನೀರು. ಇದೊಂದು ತಲೆಗೆ ಹತ್ತಿದರೆ ಮಿಕ್ಕಿದ್ದನ್ನೆಲ್ಲ ಹಕ್ಕಿಗಳೇ ಕಲಿಸುತ್ತವೆ.

ಇದು ನಿಮಗೆ ಹೊಸದೇನೂ ಅಲ್ಲ. ಹೇಮಾವತಿ ನೀರು ಹರಿದು ಕೆರೆ ತುಂಬಿದ ವರ್ಷಗಳನ್ನು ನೆನೆಸಿಕೊಳ್ಳಿ. ಬಾತುಗಳು, ನಾಮದ ಕೋಳಿಗಳು ನಡುನೀರಿನಲ್ಲಿ ಇರುತ್ತವೆ. ಗೊರವಗಳು ಮಾತ್ರ ಕಾಣುವುದಿಲ್ಲ. ಯಾಕೆಂದರೆ ಅವಕ್ಕೆ ಕಾಲೂರಲು ಕೆಸರಿನ ಅಂಚೇ ಇರುವುದಿಲ್ಲ. ನೀರು ಇಳಿದು ಅಂಚು ಬಿಟ್ಟುಕೊಟ್ಟ ಮೇಲೆ ಎಲ್ಲಿದ್ದವೋ ಏನೋ, ಬಂದುಬಿಡುತ್ತವೆ. ನಮ್ಮ ಕೆರೆಗೆ ಹೀಗೆ ಏರಿ ಇಳಿಯಲು ಒಂದು ವರ್ಷ ಬೇಕು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ದಿನಕ್ಕೆ ಎರಡು ಸಲ ಆಗುತ್ತದೆ, ಅಷ್ಟೇ.

ಉಬ್ಬರ ದಿನವೂ ಒಂದೇ ಹೊತ್ತಿಗೆ ಬರುವುದಿಲ್ಲ. ಚಂದ್ರನ ಲೆಕ್ಕ ಅದು. ಒಂದು ದಿನದಿಂದ ಇನ್ನೊಂದು ದಿನಕ್ಕೆ ಸುಮಾರು 50 ನಿಮಿಷ ತಡ. ಇವತ್ತು ಹತ್ತು ಗಂಟೆಗೆ ನೀರು ತುಂಬಿದ್ದರೆ ನಾಳೆ ಹೆಚ್ಚುಕಮ್ಮಿ ಹತ್ತೂಮುಕ್ಕಾಲು ದಾಟಿದ ಮೇಲೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜೋರು, ಇಳಿತವೂ ಜೋರು. ಅಷ್ಟಮಿಯ ಹೊತ್ತಿಗೆ ಎರಡೂ ಸಪ್ಪೆ. ಆದ್ದರಿಂದ ನಮ್ಮ ತಿಥಿ ಇರುವ ಗೋಡೆ ಕ್ಯಾಲೆಂಡರ್ ಒಂದನ್ನು ಸುರುಳಿ ಸುತ್ತಿ ಒಯ್ಯಿರಿ. ಮನೆಯವರು ಹಬ್ಬ, ಏಕಾದಶಿ ನೋಡಲು ಹೇಗೂ ಒಯ್ಯುತ್ತಾರೆ. ಯಾವ ವಾರ ಜೌಗಿಗೆ ಹೋಗಬೇಕು ಅನ್ನುವುದಕ್ಕೆ ಅದು ಸಾಕು. ಯಾವ ಗಂಟೆಗೆ ಅನ್ನುವುದಕ್ಕೆ ಮಾತ್ರ ಅಲ್ಲಿನ ಸರ್ಕಾರದ ಉಬ್ಬರದ ಪಟ್ಟಿ ನೋಡಬೇಕು. ನೋವಾ ಎಂಬ ಅವರ ಹವಾಮಾನ ಮತ್ತು ಸಾಗರ ಸಂಸ್ಥೆ ಅದನ್ನು ಪುಕ್ಕಟೆ ಕೊಡುತ್ತದೆ. ಅಳಿಯಂದಿರಿಗೆ ಹೇಳಿದರೆ ಫೋನಿನಲ್ಲಿ ಹಾಕಿಕೊಡುತ್ತಾರೆ.

ಪಟ್ಟಿ ನೋಡುವಾಗ ನಾನು ಎಡವಿದ ಜಾಗಗಳಿವೆ. ಕೊಲ್ಲಿಯ ಬಾಯಲ್ಲಿರುವ ಗೋಲ್ಡನ್ ಗೇಟ್ ಸೇತುವೆಯ ಹತ್ತಿರದ ಹೊತ್ತನ್ನು ನೋಡಿಕೊಂಡು ಫ್ರೀಮಾಂಟ್ ಕಡೆ ಹೋದರೆ ಮೋಸ ಹೋಗುತ್ತೀರಿ. ನೀರು ಆ ಬಾಗಿಲಿನಿಂದ ಒಳಗೆ ಬಂದು ದಕ್ಷಿಣದ ತುದಿ ಮುಟ್ಟಲು ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯುತ್ತದೆ. ಡಂಬಾರ್ಟನ್ ಸೇತುವೆಯ ಹತ್ತಿರದ ಪಟ್ಟಿ ಆರಿಸಿಕೊಳ್ಳಿ. ಇನ್ನೊಂದು, ಎತ್ತರ ಅಡಿಯಲ್ಲಿ ಕೊಟ್ಟಿರುತ್ತಾರೆ, ಮತ್ತು ದಿನದ ಎರಡು ಉಬ್ಬರ ಸಮ ಇರುವುದಿಲ್ಲ. ಒಂದು ದೊಡ್ಡದು, ಒಂದು ಚಿಕ್ಕದು. ಚಳಿಗಾಲದ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ದೊಡ್ಡ ಉಬ್ಬರ ಬೆಳಗಿನ ಹೊತ್ತೇ ಬರುತ್ತದೆ, ದೊಡ್ಡ ಇಳಿತ ಸಂಜೆಗೆ. ಇದು ನಮ್ಮ ಅದೃಷ್ಟ. ದಕ್ಷಿಣದ ತುದಿಯಲ್ಲಿ ಇವೆರಡರ ಅಂತರ 8–9 ಅಡಿ ದಾಟುವ ದಿನಗಳೂ ಇವೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದೆ ಇಡುತ್ತಾರೆ, ಮಾರ್ಚ್ ಎರಡನೇ ಭಾನುವಾರ ಮುಂದೆ. ಫೋನು ತಾನೇ ಸರಿಮಾಡಿಕೊಳ್ಳುತ್ತದೆ, ನಿಮ್ಮ ಕೈಗಡಿಯಾರಕ್ಕೆ ಗೊತ್ತಾಗುವುದಿಲ್ಲ.

ಸರಿ, ಲೆಕ್ಕ ಹೀಗೆ ಹಾಕಿ. ಪಟ್ಟಿಯಲ್ಲಿ ಉಬ್ಬರ ಹನ್ನೊಂದಕ್ಕೆ ಅಂತ ಇದ್ದರೆ ಒಂಬತ್ತಕ್ಕೆ ಕೆಸರಿನಂಚಿಗೆ ಹೋಗಿ ನಿಲ್ಲಿ. ಹತ್ತೂವರೆ ಹೊತ್ತಿಗೆ ಕೆಸರು ಪೂರ್ತಿ ಮುಳುಗಿ ಹಕ್ಕಿಗಳು ಎದ್ದು ಒಳಗಿನ ಉಪ್ಪಿನ ಕೊಳಗಳ ಕಡೆ ಹಾರುತ್ತವೆ. ನೀವೂ ನಿಧಾನವಾಗಿ ಆ ಕಡೆ ಬನ್ನಿ. ಅಲ್ಲಿ ಅವು ಒಂಟಿಕಾಲಿನಲ್ಲಿ ನಿಂತು, ಕೊಕ್ಕನ್ನು ಬೆನ್ನಿಗೆ ಸಿಕ್ಕಿಸಿಕೊಂಡು ನಿದ್ದೆ ಹೊಡೆಯುತ್ತವೆ. ಎಣಿಸಲು ಅದೇ ಸರಿಯಾದ ಹೊತ್ತು. ಹತ್ತಿರ ಹೋಗಿ ಎಬ್ಬಿಸಬೇಡಿ. ಕೆಸರು ಮತ್ತೆ ತೆರೆಯುವವರೆಗೂ ಅವಕ್ಕೆ ಊಟ ಇಲ್ಲ, ಇರುವ ಶಕ್ತಿಯನ್ನು ಹಾರಿ ಕಳೆದುಕೊಳ್ಳಬಾರದು.

ಉಪ್ಪಿನ ಕೊಳ ಅಂದೆನಲ್ಲ. ಕುಮಟಾ-ಗೋಕರ್ಣದ ನಡುವಿನ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿದ್ದೀರಾ? ಅದೇ ಕೆಲಸ, ಆದರೆ ಊಹೆಗೆ ಮೀರಿದ ಅಳತೆಯಲ್ಲಿ. 1850ರ ದಶಕದಿಂದ ಆ ಕೊಲ್ಲಿಯ ಅಂಚಿನ ಜೌಗನ್ನು ಏರಿ ಕಟ್ಟಿ ಕೊಳಗಳನ್ನಾಗಿ ಮಾಡಿ, ಬಿಸಿಲಿಗೆ ನೀರು ಆರಿಸಿ ಉಪ್ಪು ತೆಗೆದರು. ಉಪ್ಪು ತೀರಾ ಜಾಸ್ತಿಯಾದ ಕೊಳದ ನೀರು ಕೆಂಪಗೆ, ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಬದುಕುವ ಸೂಕ್ಷ್ಮಜೀವಿಗಳು, ಪಾಚಿಯ ಬಣ್ಣ ಅದು. ವಿಮಾನ ಇಳಿಯುವಾಗ ಕಿಟಕಿ ಪಕ್ಕ ಕೂತಿದ್ದರೆ ಕಾಣುತ್ತದೆ. 2003ರಲ್ಲಿ ಸರ್ಕಾರ ದಕ್ಷಿಣ ಭಾಗದ 15,100 ಎಕರೆ ಕೊಳಗಳನ್ನು ಉಪ್ಪಿನ ಕಂಪನಿಯಿಂದ ಕೊಂಡುಕೊಂಡಿತು. ಈಗ ಏರಿಗಳನ್ನು ಅಲ್ಲಲ್ಲಿ ಒಡೆದು ಕಡಲಿನ ನೀರನ್ನು ಮತ್ತೆ ಒಳಗೆ ಬಿಡುತ್ತಿದ್ದಾರೆ. ಎಲ್ಲ ಕೊಳಗಳನ್ನೂ ಒಡೆಯುವುದಿಲ್ಲ. ಉಪ್ಪು ನೀರಿನಲ್ಲಿ ಒಂದು ಬಗೆಯ ಪುಟಾಣಿ ಸೀಗಡಿ, ಉಪ್ಪಿನ ನೊಣ ಹುಟ್ಟುತ್ತವೆ. ಅವನ್ನೇ ನಂಬಿಕೊಂಡ ಹಕ್ಕಿಗಳೂ ಇವೆ. ಅವುಗಳಿಗಾಗಿ ಕೆಲವನ್ನು ಕೊಳವಾಗಿಯೇ ಉಳಿಸಿಕೊಂಡಿದ್ದಾರೆ. ಏರಿ ಒಡೆದರೆ ಒಬ್ಬರಿಗೆ ಮನೆ, ಉಳಿಸಿದರೆ ಇನ್ನೊಬ್ಬರಿಗೆ ಮನೆ. ಕೆರೆ ಹೂಳೆತ್ತುವಾಗ ನಮ್ಮಲ್ಲೂ ಇದೇ ಜಗಳ ಬರುತ್ತದೆ, ನಮ್ಮವರು ಹಕ್ಕಿಯನ್ನು ಕೇಳುವುದಿಲ್ಲ ಅಷ್ಟೇ.

ನಿಮಗೆ ಹತ್ತಿರದ ಜಾಗ ಡಾನ್ ಎಡ್ವರ್ಡ್ಸ್ ವನ್ಯಜೀವಿ ಆಶ್ರಯತಾಣ. 1972ರಲ್ಲಿ ಕಾನೂನು ಮಾಡಿ ಉಳಿಸಿಕೊಂಡ ಜಾಗ, ಸುಮಾರು 30,000 ಎಕರೆ. ಅದರ ಒಂದು ಕಚೇರಿ ಫ್ರೀಮಾಂಟ್‌ನಲ್ಲೇ, ಡಂಬಾರ್ಟನ್ ಸೇತುವೆಯ ಟೋಲ್ ಹತ್ತಿರ. ಪ್ರವೇಶಕ್ಕೆ ದುಡ್ಡಿಲ್ಲ. ಪಕ್ಕದಲ್ಲೇ ಕೊಯೋಟಿ ಹಿಲ್ಸ್ ಪಾರ್ಕ್, ಅಲ್ಲಿ ಜೌಗಿನ ಮೇಲೆ ಮರದ ಹಲಗೆ ಹಾಸಿದ ದಾರಿ ಇದೆ. ಇನ್ನೂ ದಕ್ಷಿಣಕ್ಕೆ ಆಲ್ವಿಸೊ. ಕೊಲ್ಲಿಯ ಆಚೆ ದಡದಲ್ಲಿ ಪಾಲೊ ಆಲ್ಟೊ ಬೇಲ್ಯಾಂಡ್ಸ್. ಎಲ್ಲವನ್ನೂ ನೋಡಬೇಕು ಅಂತ ಹಟ ಹಿಡಿಯಬೇಡಿ. ಐದು ತಿಂಗಳು ಇರುವವರಿಗೆ ಊರೆಲ್ಲ ಸುತ್ತುವ ಅವಸರ ಯಾಕೆ? ಒಂದೇ ಜಾಗ ಹಿಡಿದುಕೊಳ್ಳಿ, ವಾರಕ್ಕೆ ಎರಡು ಸಲ ಹೋಗಿ. ಮೈದಾಳವನ್ನು ನೀವು ಕಲಿತದ್ದೂ ಹಾಗೇ ತಾನೇ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗಾಬರಿಯಾಗಬಾರದು. ಅಕ್ಟೋಬರ್‌ನಿಂದ ಜನವರಿವರೆಗೆ ಆಶ್ರಯತಾಣದ ಕೆಲವು ಭಾಗಗಳಲ್ಲಿ ಬಾತು ಬೇಟೆಗೆ ಪರವಾನಗಿ ಇದೆ. ಬೆಳಿಗ್ಗೆ ದೂರದಿಂದ ಢಂ ಢಂ ಅಂತ ಕೇಳಿಸುತ್ತದೆ. ಆಶ್ರಯತಾಣ ಅಂತ ಬೋರ್ಡು ಹಾಕಿ ಗುಂಡು ಹೊಡೆಯುತ್ತಾರಲ್ಲ ಅಂತ ನನಗೂ ಅರಗಲಿಲ್ಲ. ಆಮೇಲೆ ಗೊತ್ತಾಯಿತು, ಬೇಟೆಗಾರರು ಪ್ರತಿ ವರ್ಷ ಕೊಳ್ಳಲೇಬೇಕಾದ ಬಾತಿನ ಸ್ಟಾಂಪ್ ಒಂದಿದೆ, 1934ರಿಂದ ನಡೆದು ಬಂದಿದೆ. ಅದರ ದುಡ್ಡಿನಿಂದಲೇ ದೇಶದ ಎಷ್ಟೋ ಜೌಗುಗಳನ್ನು ಕೊಂಡು ಉಳಿಸಿದ್ದಾರೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಬೇಟೆ ನಡೆಯುವ ಕಡೆ ಬೋರ್ಡು ಹಾಕಿರುತ್ತಾರೆ, ಅತ್ತ ಹೋಗಬೇಡಿ.

ಈಗ ಹಕ್ಕಿಗಳ ವಿಷಯ. ಕೆರೆ ಹಕ್ಕಿ ಮಾತ್ರ ಗೊತ್ತು ಅಂದಿರಿ. ಹೆದರಬೇಡಿ, ಅರ್ಧ ಪರಿಚಯದವರೇ ಸಿಗುತ್ತಾರೆ. ಸಲಿಕೆ ಕೊಕ್ಕಿನ ಶವೆಲರ್ ಬಾತು ಅಲ್ಲಿಯೂ ಅದೇ. ಒಂದರ ಹಿಂದೊಂದು ಗಾಣದ ಎತ್ತಿನಂತೆ ಸುತ್ತುಹಾಕುತ್ತಾ ನೀರು ಸೋಸುವುದೂ ಅದೇ ಥರ. ಸೂಜಿಬಾಲದ ಬಾತು ಅದೇ. ಇರುಳು ಬಕ ಅದೇ, ದೊಡ್ಡ ಬೆಳ್ಳಕ್ಕಿ ಅದೇ, ಮೀನುಡೇಗೆ ಅದೇ. ನಮ್ಮಲ್ಲಿಗೆ ಬರುವ ಬಾತುಗಳು ಮಧ್ಯ ಏಷ್ಯಾ, ಸೈಬೀರಿಯಾದ ಕಡೆಯವು. ಅಲ್ಲಿಗೆ ಬರುವವು ಅಲಾಸ್ಕಾ, ಕೆನಡಾದ ಕಡೆಯವು. ದಾರಿ ಬೇರೆ, ಜಾತಿ ಒಂದೇ.

ಇನ್ನು ಕೆಲವು ದಾಯಾದಿಗಳು. ನಾಮದ ಕೋಳಿಯನ್ನು ನೋಡಿದ ತಕ್ಷಣ ಗುರುತು ಸಿಗುತ್ತದೆ, ಆದರೆ ಅಲ್ಲಿಯದಕ್ಕೆ ಬಿಳಿ ನಾಮದ ಮೇಲ್ತುದಿಯಲ್ಲಿ ಕುಂಕುಮ ಇಟ್ಟಂತೆ ಕೆಂಗಂದು ಬೊಟ್ಟು ಇರುತ್ತದೆ. ಮೆಟ್ಟುಗಾಲು ಹಕ್ಕಿಯ ಕಾಲು ಅಷ್ಟೇ ಉದ್ದ, ಅಷ್ಟೇ ಕೆಂಪು, ಕತ್ತಿನ ಹಿಂಭಾಗ ಮಾತ್ರ ಕಪ್ಪು. ನಮ್ಮ ಹೊಲಗಳ ಮೇಲೆ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವ ಕಪ್ಪು ಹೆಗಲಿನ ಬಿಳಿ ಗಿಡುಗ ಇದೆಯಲ್ಲ, ಅದರ ಖಾಸಾ ಸೋದರ ಅಲ್ಲಿದೆ, ಹೆಸರು ವೈಟ್ ಟೇಲ್ಡ್ ಕೈಟ್. ಅದೇ ಕೆಂಪು ಕಣ್ಣು, ಅದೇ ಕಪ್ಪು ಹೆಗಲು, ಅದೇ ನಿಂತಾಟ. ಮೊದಲ ಸಲ ನೋಡಿದಾಗ ಶಿರಾ ರಸ್ತೆಯಲ್ಲಿದ್ದೇನೆ ಅನ್ನಿಸಿತು. ಟಿಟ್ಟಿಭದ ಕೆಲಸವನ್ನು ಅಲ್ಲಿ ಕಿಲ್‌ಡಿಯರ್ ಮಾಡುತ್ತದೆ. ಎದೆಗೆ ಎರಡು ಕಪ್ಪು ಪಟ್ಟಿ, ಕಾರ್ ಪಾರ್ಕಿಂಗಿನಲ್ಲೂ ಕಿರುಚಾಟ. ಹೆಜ್ಜಾರ್ಲೆಯ ಬದಲು ಅಪ್ಪಟ ಬಿಳಿಯ ದೊಡ್ಡ ಹೆಜ್ಜಾರ್ಲೆ. ಹತ್ತಿಪ್ಪತ್ತು ಸೇರಿ ಅರ್ಧಚಂದ್ರ ಕಟ್ಟಿಕೊಂಡು ಮೀನನ್ನು ದಡಕ್ಕೆ ಅಟ್ಟುತ್ತವೆ.

ಒಂದು ತಮಾಷೆ ಹೇಳುತ್ತೇನೆ. ನಮ್ಮಲ್ಲಿ ಚಳಿಗಾಲಕ್ಕೆ ಬರುವ ವಿಜನ್ ಬಾತು, ಕೆಂಚು ತಲೆ, ಹಣೆ ಮೇಲೆ ಕೆನೆ ಬಣ್ಣ, ಅಲ್ಲಿ ಅಪರೂಪದ ಅತಿಥಿ. ಅವರ ವಿಜನ್ ಬೇರೆ, ಬೂದು ತಲೆಗೆ ಹಸಿರು ಪಟ್ಟಿ. ಒಂದು ದಿನ ಹುಲ್ಲುಹಾಸಿನ ಮೇಲೆ ನೂರಾರು ವಿಜನ್ ಮೇಯುತ್ತಿದ್ದವು. ಐದಾರು ಜನ ಟೆಲಿಸ್ಕೋಪ್ ನೆಟ್ಟು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಾನೂ ಇಣುಕಿದೆ. ಹಿಂಡಿನ ನಡುವೆ ಒಂದೇ ಒಂದು ಕೆಂಚು ತಲೆ. ಇದು ನಮ್ಮೂರ ಕಡೆ ಬರುತ್ತದೆ ಅಂತ ಬಾಯಿಬಿಟ್ಟೆ ನೋಡಿ, ಅಲ್ಲಿಂದ ಅರ್ಧ ಗಂಟೆ ಅವರು ಹಕ್ಕಿ ಬಿಟ್ಟು ನನ್ನನ್ನೇ ಪ್ರಶ್ನೆ ಕೇಳಿದರು. ನೀವೂ ಹಿಂಡಿನಲ್ಲಿ ಹುಡುಕಿ. ಕೆಂಚು ತಲೆ ನಿಮ್ಮ ಕಣ್ಣಿಗೆ ಅವರಿಗಿಂತ ಮೊದಲು ಬೀಳುತ್ತದೆ.

ನಿಜವಾಗಿ ಹೊಸತು ಅಂದರೆ ಕೆಸರಿನ ಹಕ್ಕಿಗಳು. ಮೊದಲ ಎರಡು ವಾರ ದೊಡ್ಡವನ್ನು ಮಾತ್ರ ನೋಡಿ. ಕೊಕ್ಕು ಒಂದು ಗೇಣುದ್ದ, ಕೆಳಕ್ಕೆ ಬಾಗಿದೆ ಅಂದರೆ ಕರ್ಲ್ಯೂ. ಕೊಕ್ಕು ಉದ್ದ, ಬುಡ ಗುಲಾಬಿ, ತುದಿ ಕಪ್ಪು, ತುಸು ಮೇಲಕ್ಕೆ ಬಾಗಿದೆ ಅಂದರೆ ಗಾಡ್ವಿಟ್. ತೆಳ್ಳನೆಯ ಕೊಕ್ಕು ಮೇಲಕ್ಕೆ ಚೆನ್ನಾಗಿ ಬಾಗಿ, ಮೈ ಕಪ್ಪು ಬಿಳಿ, ಎಡಕ್ಕೆ ಬಲಕ್ಕೆ ಕೊಕ್ಕನ್ನು ಕುಡುಗೋಲಿನಂತೆ ಬೀಸುತ್ತಾ ನಡೆದರೆ ಅವೊಸೆಟ್. ಬೂದು ಬೂದಾಗಿ, ಹೇಳಿಕೊಳ್ಳುವಂಥದ್ದೇನೂ ಇಲ್ಲದೆ ನಿಂತ ದಪ್ಪನೆಯ ಹಕ್ಕಿ ಹಾರಿದ ತಕ್ಷಣ ರೆಕ್ಕೆಯಲ್ಲಿ ಕಪ್ಪು ಬಿಳಿ ಪಟ್ಟೆ ಝಗ್ಗನೆ ಕಂಡಿತೋ, ವಿಲೆಟ್. ಹೊಲಿಗೆ ಯಂತ್ರದ ಸೂಜಿಯಂತೆ ಒಂದೇ ಸಮ ಕುಟ್ಟುತ್ತಿದ್ದರೆ ಡೌವಿಚರ್. ಇಷ್ಟು ಜನ ಒಂದೇ ಕೆಸರಿನಲ್ಲಿ ಜಗಳವಿಲ್ಲದೆ ಉಣ್ಣುವುದು ಹೇಗೆ ಅಂತ ಕೊಕ್ಕುಗಳನ್ನು ಅಳೆದು ನೋಡಿ. ಪುಟ್ಟ ಕೊಕ್ಕಿನವು ಮೇಲಿನ ಪದರದಲ್ಲಿ ಹೆಕ್ಕುತ್ತವೆ, ಉದ್ದ ಕೊಕ್ಕಿನವು ಆಳಕ್ಕೆ ಇಳಿಸುತ್ತವೆ. ವೆಸ್ಟರ್ನ್ ಸ್ಯಾಂಡ್‌ಪೈಪರ್ ಅನ್ನುವ ಪುಟಾಣಿಯಂತೂ ಕೆಸರಿನ ಮೇಲೆ ಕಟ್ಟುವ ಲೋಳೆ ಪದರವನ್ನೇ ನಾಲಿಗೆಯಲ್ಲಿ ಬಳಿದು ತಿನ್ನುತ್ತದೆ.

ಆ ಪುಟಾಣಿಗಳು ತಲೆ ತಿನ್ನುತ್ತವೆ, ನಿಜ. ಇಲ್ಲೂ ನಿಮ್ಮ ಕೆರೆ ಪಾಠವೇ ಕೈಹಿಡಿಯುತ್ತದೆ. ಮೈದಾಳದ ಅಂಚಿನಲ್ಲಿ ಲಿಟ್ಲ್ ಸ್ಟಿಂಟ್‌ಗೆ ಕಪ್ಪು ಕಾಲು, ಟೆಮ್ಮಿಂಕ್ ಸ್ಟಿಂಟ್‌ಗೆ ಹಳದಿ ಕಾಲು ಅಲ್ವಾ? ಅಲ್ಲಿ ವೆಸ್ಟರ್ನ್ ಸ್ಯಾಂಡ್‌ಪೈಪರ್‌ಗೆ ಕಪ್ಪು ಕಾಲು, ಲೀಸ್ಟ್ ಸ್ಯಾಂಡ್‌ಪೈಪರ್‌ಗೆ ಹಳದಿ ಕಾಲು. ಕೆಸರು ಮೆತ್ತಿದ ಹಳದಿ ಕಾಲು ಕಪ್ಪಾಗಿ ಕಾಣುತ್ತದೆ, ಆದ್ದರಿಂದ ಮೈಬಣ್ಣವನ್ನೂ ನೋಡಿ. ಲೀಸ್ಟ್ ಕಂದು, ವೆಸ್ಟರ್ನ್ ಬೂದು. ಗೊತ್ತಾಗದಿದ್ದರೆ ಪುಟಾಣಿ ಅಂತ ಬರೆದುಕೊಂಡು ಮುಂದೆ ಹೋಗಿ.

ಐದು ತಿಂಗಳು ಇರುವುದರ ಲಾಭ ಫೆಬ್ರವರಿ ದಾಟಿದ ಮೇಲೆ ಗೊತ್ತಾಗುತ್ತದೆ. ಎರಡು ವಾರದ ಪ್ರವಾಸಿಗಳಿಗೆ ಇದು ಸಿಗದು. ಡಿಸೆಂಬರ್‌ನಲ್ಲಿ ಬೂದಿ ಬಳಿದುಕೊಂಡಂತಿದ್ದ ಅವೊಸೆಟ್‌ಗಳ ತಲೆ, ಕತ್ತು ಮೆಲ್ಲಗೆ ಮಾಗಿದ ಸಪೋಟ ಬಣ್ಣಕ್ಕೆ ತಿರುಗುತ್ತದೆ. ಹೊರಡುವ ಹೊತ್ತಿಗೆ ಡನ್ಲಿನ್ ಹಕ್ಕಿಗಳ ಹೊಟ್ಟೆಯ ಮೇಲೆ ಕಪ್ಪು ಮಚ್ಚೆ ಮೂಡುತ್ತಿರುತ್ತದೆ. ಅದೇ ಹಿಂಡನ್ನು ವಾರವಾರ ನೋಡಿದವರಿಗೆ ಮಾತ್ರ ಈ ಬದಲಾವಣೆ ಕಣ್ಣಿಗೆ ಕಟ್ಟುತ್ತದೆ.

ನವೆಂಬರ್‌ನಿಂದ ಜನವರಿಯೊಳಗೆ ಕಿಂಗ್ ಟೈಡ್ ಅಂತ ಕರೆಯುವ ರಾಜ ಉಬ್ಬರಗಳು ಬರುತ್ತವೆ. ಅಮಾವಾಸ್ಯೆಯೋ ಹುಣ್ಣಿಮೆಯೋ ಇರುವಾಗ ಚಂದ್ರನೂ ಹತ್ತಿರ ಇದ್ದು, ಭೂಮಿ ಸೂರ್ಯನಿಗೆ ಹತ್ತಿರ ಬರುವ ಕಾಲವೂ ಕೂಡಿಕೊಂಡರೆ ನೀರು ವರ್ಷದಲ್ಲೇ ಅತಿ ಎತ್ತರಕ್ಕೆ ಏರುತ್ತದೆ. ಅಂಥ ಒಂದು ಬೆಳಿಗ್ಗೆ ಮಾತ್ರ ಅಳಿಯಂದಿರನ್ನು ಬಾಯಿಬಿಟ್ಟು ಕೇಳಿ, ಪಾಲೊ ಆಲ್ಟೊ ಬೇಲ್ಯಾಂಡ್ಸ್‌ಗೆ ಹೋಗಿ. ಅಲ್ಲಿನ ಜೌಗಿನಲ್ಲಿ ರಿಡ್ಜ್‌ವೇಸ್ ರೇಲ್ ಅನ್ನುವ ಹಕ್ಕಿ ಇದೆ. 2014ರವರೆಗೆ ಕ್ಲಾಪರ್ ರೇಲ್ ಅನ್ನುತ್ತಿದ್ದರು. ನಮ್ಮ ಹುಂಡುಕೋಳಿಯ ಕುಲದ್ದೇ, ಸಾಕುಕೋಳಿಯಷ್ಟು ಗಾತ್ರ, ಉದ್ದ ಕೊಕ್ಕು. ಅಳಿವಿನ ಅಂಚಿನಲ್ಲಿದೆ. ಬೇರೆ ದಿನ ಗಿಡಗಳ ಸಂದಿಯಲ್ಲಿ ಕಟಕಟ ಅನ್ನುವುದು ಕೇಳಿಸಿದರೆ ಅದೇ ಪುಣ್ಯ. ರಾಜ ಉಬ್ಬರದ ದಿನ ಅಡಗುವ ಗಿಡವೇ ಮುಳುಗುತ್ತದೆ. ನಾನು ನೋಡಿದ್ದು ತೇಲುತ್ತಿದ್ದ ಕಸದ ಗುಪ್ಪೆಯ ಮೇಲೆ. ಮೈ ಕುಗ್ಗಿಸಿಕೊಂಡು, ಕಾಲು ಮಡಚಿಕೊಂಡು, ತುಂಬಿದ ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ ಕೂತಿತ್ತು. ಮೇಲೆ ಹ್ಯಾರಿಯರ್ ಗಿಡುಗ ತಗ್ಗಿನಲ್ಲಿ ಸುತ್ತುತ್ತಿತ್ತು. ಪಕ್ಕದಲ್ಲೇ ದೊಡ್ಡ ಬೆಳ್ಳಕ್ಕಿಯೊಂದು ನೀರಿಗೆ ಬಿದ್ದ ಇಲಿ ಹಿಡಿದು ನುಂಗಿತು. ಇಪ್ಪತ್ತು ನಿಮಿಷ ಎಲ್ಲರೂ ಮಾತಿಲ್ಲದೆ ನಿಂತಿದ್ದೆವು. ನೀರು ಇಳಿಯತೊಡಗಿತು, ರೇಲ್ ಎರಡು ಹೆಜ್ಜೆ ಇಟ್ಟು ಗಿಡದೊಳಗೆ ಮಾಯವಾಯಿತು. ಅಂಥ ದಿನ ಹಲಗೆ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಳಿಯಬಾರದು. ನಾವು ಓಡಿಸಿದರೆ ಅದಕ್ಕೆ ಹೋಗಲು ಬೇರೆ ಜಾಗವಿಲ್ಲ.

ಮಂಡಿನೋವಿಗೆ ಜೌಗು ಒಳ್ಳೆಯದು. ಬೆಟ್ಟ ಹತ್ತುವುದಿಲ್ಲ, ಏರಿ ಮೇಲೆ ಸಮತಟ್ಟು ದಾರಿ. ಒಂದು ಮಡಚುವ ಸ್ಟೂಲ್ ಕೊಂಡುಕೊಳ್ಳಿ, ನೀರು ಹಕ್ಕಿಗಳನ್ನು ನಿಮ್ಮ ಹತ್ತಿರ ತರುವವರೆಗೂ ಕೂತಿರಿ. ಆದರೆ ಅಲ್ಲಿ ಮಳೆಗಾಲವೇ ಚಳಿಗಾಲ. ಮಳೆ ಬಿದ್ದ ಮಾರನೇ ದಿನ ಏರಿಯ ಜೇಡಿಮಣ್ಣು ನಮ್ಮ ಎರೆಮಣ್ಣಿನ ಹಾಗೆ ಬೂಟಿಗೆ ಅಂಟಿ ಒಂದೊಂದು ಕಾಲೂ ಎರಡು ಕೇಜಿ ಆಗುತ್ತದೆ. ಅಂಥ ದಿನ ಹಲಗೆ ದಾರಿಗೆ ಹೋಗಿ. ಚಳಿ ನಮ್ಮ ಧನುರ್ಮಾಸಕ್ಕಿಂತ ಬಹಳ ಜಾಸ್ತಿಯೇನಲ್ಲ, ಗಾಳಿಯೇ ಕಷ್ಟ. ಕಿವಿ ಮುಚ್ಚಿಕೊಳ್ಳಿ. ಡಿಸೆಂಬರ್‌ನಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಶೌಚಾಲಯ ಕಚೇರಿಗಳ ಹತ್ತಿರ ಮಾತ್ರ, ಏರಿ ಮೇಲೆ ಎಲ್ಲೂ ಇಲ್ಲ. ನಮ್ಮ ವಯಸ್ಸಿನವರು ಇದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಹೊರಡಬೇಕು.

ಕಾರಿನ ವಿಷಯ. ಜೌಗಿನ ಬಾಗಿಲಿಗೆ ಬಸ್ಸು ಹೋಗುವುದಿಲ್ಲ, ಬಿಟ್ಟು ಬರಲು ಒಬ್ಬರು ಬೇಕು. ಎಳೆ ಮಗು ಇರುವ ಮನೆಯಲ್ಲಿ ಅವರ ಭಾನುವಾರ ಪೂರ್ತಿ ಕಿತ್ತುಕೊಳ್ಳಬೇಡಿ. ಉಬ್ಬರದ ಪಟ್ಟಿ ನೋಡಿ, ತರಕಾರಿ ತರಲು ಹೋಗುವಾಗ ಬಿಟ್ಟು, ಬರುವಾಗ ಕರೆದುಕೊಂಡು ಹೋಗಿ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಎರಡು ಗಂಟೆ ಸಾಕು. ಹೋಗಲಾಗದ ದಿನ ಹಿತ್ತಲಲ್ಲೇ ಕೂತಿರಿ. ಅನ್ನಾಸ್ ಹಮ್ಮಿಂಗ್‌ಬರ್ಡ್ ಚಳಿಗಾಲದಲ್ಲೂ ಇರುತ್ತದೆ. ನಮ್ಮ ಸೂರಕ್ಕಿಯನ್ನು ನೋಡಿದವರಿಗೆ ಅದು ಗಾಳಿಯಲ್ಲೇ ನಿಂತು ಹಿಂದಕ್ಕೂ ಹಾರುವುದು ನೋಡುವುದೇ ಒಂದು ಕೆಲಸ.

ಟೆಲಿಸ್ಕೋಪ್ ಕೊಳ್ಳಬೇಡಿ. ಅಲ್ಲಿ ಟೆಲಿಸ್ಕೋಪ್ ಹೊತ್ತವರು ತಾವಾಗಿ ಕರೆದು ತೋರಿಸುತ್ತಾರೆ. ಎದುರು ಬಂದವರನ್ನು "ಎನಿಥಿಂಗ್ ಗುಡ್?" ಅಂತ ಕೇಳಿ. ಅಷ್ಟು ಇಂಗ್ಲಿಷ್ ಸಾಕು, ಮಿಕ್ಕಿದ್ದು ಅವರೇ ಮಾತಾಡುತ್ತಾರೆ. ಗೋಲ್ಡನ್ ಗೇಟ್ ಬರ್ಡ್ ಅಲಯನ್ಸ್, ಸಾಂತಾ ಕ್ಲಾರಾ ವ್ಯಾಲಿ ಬರ್ಡ್ ಅಲಯನ್ಸ್ ಅನ್ನುವ ಸಂಘಗಳು ಹಕ್ಕಿ ನಡಿಗೆಗೆ ಕರೆದೊಯ್ಯುತ್ತವೆ. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬುವರು ಹಬ್ಬದ ದಿನ ಹಕ್ಕಿ ಹೊಡೆಯುವ ಬದಲು ಎಣಿಸೋಣ ಅಂತ ಶುರುಮಾಡಿದ ಕ್ರಿಸ್‌ಮಸ್ ಎಣಿಕೆ ಈಗಲೂ ಡಿಸೆಂಬರ್ 14ರಿಂದ ಜನವರಿ 5ರೊಳಗೆ ನಡೆಯುತ್ತದೆ. ಫ್ರೀಮಾಂಟ್ ಕಡೆಯೂ ಇದೆ. ಹನ್ನೊಂದು ವರ್ಷ ಎಣಿಸಿದವರು ಅಂದರೆ ಖುಷಿಯಿಂದ ಸೇರಿಸಿಕೊಳ್ಳುತ್ತಾರೆ. ಹೊರಡುವ ಮೊದಲು ಇಲ್ಲೇ ಮರ್ಲಿನ್ ಆ್ಯಪ್‌ನಲ್ಲಿ ಆ ಪ್ರದೇಶದ ಹಕ್ಕಿಗಳ ಪ್ಯಾಕ್ ಇಳಿಸಿಕೊಳ್ಳಿ. ಚಿತ್ರಗಳನ್ನು ದಿನಕ್ಕೆ ಹತ್ತರಂತೆ ನೋಡುತ್ತಾ ಹೋದರೆ ಇಳಿಯುವ ಹೊತ್ತಿಗೆ ಮುಖ ಪರಿಚಯ ಆಗಿರುತ್ತದೆ.

ದೊಡ್ಡ ಮೊಮ್ಮಗು ಜೊತೆಗೆ ಬಂದರೆ ಒಂದು ಎಚ್ಚರ. ನಮ್ಮ ಮಕ್ಕಳು ಗರಿ ಕಂಡರೆ ಪುಸ್ತಕದಲ್ಲಿ ಇಡುತ್ತಾರೆ. ಅಲ್ಲಿ 1918ರ ವಲಸೆ ಹಕ್ಕಿ ಕಾನೂನಿನ ಪ್ರಕಾರ ಅಲ್ಲಿನ ಕಾಡುಹಕ್ಕಿಗಳ ಉದುರಿದ ಗರಿಯನ್ನು ಇಟ್ಟುಕೊಳ್ಳುವುದೂ ತಪ್ಪು. ಕೈಯಲ್ಲಿ ಹಿಡಿದು ನೋಡಿಸಿ, ಅಲ್ಲೇ ಬಿಡಿಸಿ. ಸತ್ತ ಹಕ್ಕಿ ಕಂಡರೆ ಮುಟ್ಟಲೇಬೇಡಿ, ಹಕ್ಕಿಜ್ವರದ ಭಯ ಇದೆ. ಚಕ್ಕುಲಿಯನ್ನು ಗಲ್ ಎಂಬ ಕಡಲ ಹಕ್ಕಿಗಳಿಗೆ ಹಾಕಬೇಡಿ, ಒಂದಕ್ಕೆ ಹಾಕಿದರೆ ನಲವತ್ತು ಬರುತ್ತವೆ.

ಮೈದಾಳದ ಎಣಿಕೆ ಯಾಕೆ ನಿಲ್ಲಬೇಕು ಮೇಷ್ಟ್ರೇ? ನಿಮ್ಮ ಹಳೇ ಶಿಷ್ಯರಲ್ಲಿ ಒಬ್ಬನಿಗೆ ಆಸಕ್ತಿ ಇದ್ದೇ ಇರುತ್ತದೆ, ಅವನಿಗೆ ವಹಿಸಿ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ, ನಮ್ಮ ದೇಶದಲ್ಲೂ ಮಾಡುತ್ತಾರೆ. ಆ ಭಾನುವಾರ ಅವನು ಕೆರೆಯಲ್ಲಿ ಎಣಿಸಲಿ, ನೀವು ಕೊಲ್ಲಿಯಲ್ಲಿ ಎಣಿಸಿ, ಇಬ್ಬರೂ ಇಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣದಲ್ಲಿ ಹಾಕಿ. ಎರಡೂ ಪಟ್ಟಿಯಲ್ಲಿ ಶವೆಲರ್ ಸಿಗುತ್ತದಾ ನೋಡಿ. ಆದರೆ ಹೊರಡುವ ಮುಂಚೆ ಎರಡು ಭಾನುವಾರ ಅವನನ್ನು ಜೊತೆಗೆ ಕರೆದುಕೊಂಡು ಹೋಗಿ, ನೀವು ಯಾವ ಕಲ್ಲಿನ ಹತ್ತಿರ ಶುರುಮಾಡುತ್ತೀರಿ, ಎಲ್ಲಿ ನಿಲ್ಲುತ್ತೀರಿ, ಎಷ್ಟು ಹೊತ್ತು ಅನ್ನುವುದನ್ನು ಬರೆದುಕೊಡಿ. ಅವನು ಮೋಟರ್‌ಬೈಕಿನಲ್ಲಿ ಏರಿ ಪೂರ್ತಿ ಸುತ್ತಿ ಎಣಿಸಿಬಿಟ್ಟರೆ ಏಪ್ರಿಲ್‌ನಲ್ಲಿ ನೀವು ಬಂದು ನೋಡಿದಾಗ ಎರಡು ಲೆಕ್ಕಕ್ಕೂ ತಾಳೆ ಬೀಳುವುದಿಲ್ಲ.